ಸದ್ದಿಲ್ಲದ ಗ್ರಾಫಿಕ್ಸ್ ಕಾರ್ಡ್: ಮನೆಯಲ್ಲಿ ಧ್ವನಿಮುದ್ರಣ ಮಾಡುವ ಕಂಪ್ಯೂಟರ್‌ಗೆ ಯಾವುದು ಹೊಂದುತ್ತದೆ?

ಧಾರವಾಡದ ವಾಚಕಿ:

ಎಲ್ಲರಿಗೂ ನಮಸ್ಕಾರ. ನಾನು ಮನೆಯ ಚಿಕ್ಕ ಕೋಣೆಯೊಂದರಲ್ಲಿ ಕನ್ನಡದ ಕಥೆ, ಪ್ರಬಂಧಗಳನ್ನು ಓದಿ ಧ್ವನಿಮುದ್ರಿಸುತ್ತೇನೆ. ಕಣ್ಣು ಕಾಣದ ಓದುಗರ ಗುಂಪೊಂದಕ್ಕೆ ಅವು ತಲುಪುತ್ತವೆ. ಮುದ್ರಣದ ಹೊತ್ತಿಗೆ ಸೀಲಿಂಗ್ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಬಾಗಿಲಿಗೆ ದಪ್ಪ ಜಮಖಾನೆ ತೂಗುಹಾಕಿ ಕುಳಿತರೂ, ವಾಕ್ಯ ಮುಗಿದು ಉಸಿರು ತೆಗೆದುಕೊಳ್ಳುವ ಪ್ರತಿ ಬಿಡುವಿನಲ್ಲೂ ಸಣ್ಣಗೆ ಕೊರೆಯುವ ಒಂದು ಸದ್ದು ಕೇಳಿಸುತ್ತದೆ. ಹೆಡ್‌ಫೋನಿನಲ್ಲಿ ಕೇಳುವವರಿಗೆ ಇದು ಎಷ್ಟು ಕಿರಿಕಿರಿಯಾಗುತ್ತದೆ ಎಂದು ಅವರೇ ಹೇಳಿದ್ದಾರೆ. ನನ್ನ ಕಂಪ್ಯೂಟರ್‌ನಲ್ಲಿ ಮಾನಿಟರ್‌ಗೆ ಚಿತ್ರ ಕಳಿಸುವ ಹಳೆಯ ಗ್ರಾಫಿಕ್ಸ್ ಕಾರ್ಡಿನ ಪುಟ್ಟ ಫ್ಯಾನ್ ಮೇಲೆ ನನ್ನ ಅನುಮಾನವಿದೆ.

ಪ್ರೊಸೆಸರ್ ರೈಜನ್ 5 5600, ಮದರ್‌ಬೋರ್ಡ್ ಎ520, ಕ್ಯಾಬಿನೆಟ್ ಸಾಧಾರಣ ಗಾತ್ರದ್ದು, ಕಾರ್ಯಾಚರಣ ವ್ಯವಸ್ಥೆ ಉಬುಂಟು. ಎರಡು ಮಾನಿಟರ್‌ಗಳಿದ್ದು, ಅವುಗಳಲ್ಲಿ ಒಂದು 4ಕೆ. ಆಟಗಳನ್ನು ಆಡುವುದಿಲ್ಲ, ವಿಡಿಯೋ ಸಂಪಾದನೆಯೂ ಇಲ್ಲವೆನ್ನುವಷ್ಟು ಕಡಿಮೆ. ಫ್ಯಾನ್ ಇಲ್ಲದೆ, ಬಿಸಿಯನ್ನು ಗಾಳಿಗೆ ಬಿಡುವ ಲೋಹದ ಹೀಟ್‌ಸಿಂಕ್‌ನಿಂದಲೇ ತಣ್ಣಗಾಗುವ ಕಾರ್ಡನ್ನು 10,000 ರೂಪಾಯಿಯೊಳಗೆ ಕೊಳ್ಳಬೇಕೆಂದಿದ್ದೇನೆ. ಬೇಸಿಗೆಯಲ್ಲಿ ಅದು ತಾಳುತ್ತದೆಯೇ, ಯಾವುದನ್ನು ಆರಿಸಬೇಕು ಎಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಕ್ಯಾಬಿನೆಟ್ ಕಟ್ಟುವವ, ಬೆಂಗಳೂರು:

ನಮಸ್ಕಾರ ಮೇಡಂ. ಕಾರ್ಡಿನ ಹೆಸರಿಗೆ ಬರುವ ಮೊದಲು, ನಿಮಗೆ ಕಾರ್ಡ್ ಬೇಕೇ ಬೇಕೇ ಎಂಬುದನ್ನು ನೋಡಬೇಕು. ರೈಜನ್ 5 5600 ಪ್ರೊಸೆಸರ್‌ನೊಳಗೆ ಗ್ರಾಫಿಕ್ಸ್ ಇಲ್ಲ, ಹಾಗಾಗಿ ಕಾರ್ಡ್ ತೆಗೆದರೆ ಮಾನಿಟರ್‌ನಲ್ಲಿ ಏನೂ ಮೂಡುವುದಿಲ್ಲ. ಆದರೆ ಅದೇ ಎಎಂ4 ಸಾಕೆಟ್‌ಗೆ ಕೂರುವ 5600ಜಿ ಎಂಬ ಪ್ರೊಸೆಸರ್‌ನಲ್ಲಿ ವೇಗಾ ಗ್ರಾಫಿಕ್ಸ್ ಒಳಗೇ ಇದೆ. ಅದನ್ನು ಹಾಕಿದರೆ ಪ್ರೊಸೆಸರ್‌ನ ಕೂಲರ್ ಒಂದೇ ಎರಡೂ ಕೆಲಸವನ್ನು ನೋಡಿಕೊಳ್ಳುತ್ತದೆ, ಪ್ರತ್ಯೇಕ ಕಾರ್ಡಿನ ಸದ್ದಿನ ಪ್ರಶ್ನೆಯೇ ಏಳುವುದಿಲ್ಲ. ನಿಮ್ಮ 5600ರಲ್ಲಿ ಎಲ್3 ಕ್ಯಾಶ್ (ಪ್ರೊಸೆಸರ್‌ನೊಳಗಿನ ವೇಗದ ಮೆಮರಿ) 32 ಎಂಬಿ ಇದ್ದರೆ 5600ಜಿಯಲ್ಲಿ ಅದು 16 ಎಂಬಿ. ಧ್ವನಿ ಸಂಪಾದನೆಯಲ್ಲಿ ಈ ವ್ಯತ್ಯಾಸ ನಿಮ್ಮ ಅರಿವಿಗೆ ಬರುವ ಸಂಭವ ಕಡಿಮೆ. ಆದರೆ ನಿಮ್ಮ ಬೋರ್ಡಿನ ಎಚ್‌ಡಿಎಂಐ ಕಿಂಡಿ 4ಕೆಯನ್ನು 60 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 60 ಬಾರಿ ಚಿತ್ರ ಬದಲಿಸುತ್ತಾ, ಕೊಡುತ್ತದೆಯೇ ಎಂಬುದನ್ನು ಬೋರ್ಡಿನ ಕೈಪಿಡಿಯಲ್ಲಿ ನೋಡಿಕೊಳ್ಳಿ. ಹಳೆಯ ಪ್ರೊಸೆಸರ್ ಮಾರಿ ಹೊಸದನ್ನು ಕೊಂಡರೆ ಕೈಯಿಂದ ಬೀಳುವ ಹಣ ಹೆಚ್ಚಾಗಲಾರದು.

ಕಾರ್ಡೇ ಬೇಕೆಂದಾದರೆ, ಫ್ಯಾನ್ ಇಲ್ಲದ ಕಾರ್ಡುಗಳನ್ನು ವ್ಯಾಟ್‌ನ ಲೆಕ್ಕದಲ್ಲಿ ಅಳೆಯುವುದು ಒಳ್ಳೆಯದು. ಎನ್‌ವಿಡಿಯಾ ಕಂಪನಿಯ ಚಿಪ್ ಇರುವ ಜಿಟಿ 710 ಸುಮಾರು 19 ವ್ಯಾಟ್, ಜಿಟಿ 1030 ಸುಮಾರು 30 ವ್ಯಾಟ್. ಇವೆರಡನ್ನೂ ಹಲವು ತಯಾರಕರು ಬರಿಯ ಹೀಟ್‌ಸಿಂಕ್ ಹಾಕಿ ಮಾರುತ್ತಾರೆ. ಇನ್ನೂ ಮೇಲಕ್ಕೆ ಹೋದರೆ ಪ್ಯಾಲಿಟ್ ಕಂಪನಿಯ ಕಾಮ್‌ಎಕ್ಸ್ ಸರಣಿ ಇದೆ. 75 ವ್ಯಾಟ್‌ನ ಜಿಟಿಎಕ್ಸ್ 1650 ಮತ್ತು 2024ರಲ್ಲಿ ಬಂದ 70 ವ್ಯಾಟ್‌ನ ಆರ್‌ಟಿಎಕ್ಸ್ 3050 6 ಜಿಬಿ, ಎರಡನ್ನೂ ಅವರು ಫ್ಯಾನ್ ಇಲ್ಲದೆ ತಂದಿದ್ದಾರೆ. ಮದರ್‌ಬೋರ್ಡಿನಲ್ಲಿ ಕಾರ್ಡ್ ಕೂರುವ ಸ್ಲಾಟ್ ಒಂದರಿಂದಲೇ 75 ವ್ಯಾಟ್ ದೊರೆಯುವುದರಿಂದ ಇವಕ್ಕೆ ಬೇರೆ ಪವರ್ ಕೇಬಲ್ ಬೇಕಿಲ್ಲ. ಆದರೆ ನಿಮ್ಮ ಬಜೆಟ್‌ಗೆ ಇವು ಹೊಂದುವುದಿಲ್ಲ, ನಿಮ್ಮ ಕೆಲಸಕ್ಕೆ ಇಷ್ಟು ಶಕ್ತಿಯೂ ಬೇಡ.

ಶ್ರುತಿಸೂಕ್ಷ್ಮ, ಮೈಸೂರು:

ಕಾರ್ಡ್ ಕೊಳ್ಳುವ ಮೊದಲು ಸದ್ದು ಎಲ್ಲಿಂದ ಬರುತ್ತಿದೆ ಎಂಬುದನ್ನು ನಿಶ್ಚಯ ಮಾಡಿಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ. ಕಂಪ್ಯೂಟರ್‌ನಲ್ಲಿ ಪ್ರೊಸೆಸರ್ ಕೂಲರ್ ಇದೆ, ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್‌ನ ಫ್ಯಾನ್ ಇದೆ, ತಿರುಗುವ ಹಾರ್ಡ್ ಡಿಸ್ಕ್ ಇರಬಹುದು. ಕಿವಿಯ ಅಂದಾಜನ್ನು ನಂಬಿ ಕಾರ್ಡ್ ಬದಲಿಸಿದ ಮೇಲೆ ಸದ್ದು ಹಾಗೆಯೇ ಉಳಿದರೆ ಹಣ ವ್ಯರ್ಥ.

ಇದಕ್ಕೆ ಸುಲಭವಾದ ಒಂದು ದಾರಿ ಇದೆ. ಫ್ಯಾನ್ ಒಂದು ಸುತ್ತು ಸುತ್ತಿದಾಗ ಅದರ ಪ್ರತಿ ರೆಕ್ಕೆಯೂ ಒಮ್ಮೆ ಗಾಳಿಯನ್ನು ಸೀಳುತ್ತದೆ. ಆದ್ದರಿಂದ ನಿಮಿಷದ ಸುತ್ತುಗಳನ್ನು 60ರಿಂದ ಭಾಗಿಸಿ ರೆಕ್ಕೆಗಳ ಸಂಖ್ಯೆಯಿಂದ ಗುಣಿಸಿದರೆ, ಆ ಫ್ಯಾನ್ ಹೊರಡಿಸುವ ಮುಖ್ಯ ಸ್ವರದ ಆವರ್ತನ ಸಿಗುತ್ತದೆ. ಒಂಬತ್ತು ರೆಕ್ಕೆಗಳ ಸಣ್ಣ ಫ್ಯಾನ್ ನಿಮಿಷಕ್ಕೆ 2,800 ಸುತ್ತು ಸುತ್ತಿದರೆ ಅದು 420 ಹರ್ಟ್ಸ್. ಏಳು ರೆಕ್ಕೆಗಳ ದೊಡ್ಡ ಫ್ಯಾನ್ 1,200 ಸುತ್ತು ಸುತ್ತಿದರೆ 140 ಹರ್ಟ್ಸ್. ನೀವು ಏನೂ ಮಾತನಾಡದೆ ಅರ್ಧ ನಿಮಿಷ ಕೋಣೆಯ ಮೌನವನ್ನೇ ಮುದ್ರಿಸಿ, ಅದನ್ನು ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ತೆರೆದು, ವಿಶ್ಲೇಷಣೆಯ ಮೆನುವಿನಲ್ಲಿರುವ, ಯಾವ ಆವರ್ತನದಲ್ಲಿ ಎಷ್ಟು ಸದ್ದಿದೆ ಎಂದು ತೋರಿಸುವ ಸ್ಪೆಕ್ಟ್ರಂ ನಕ್ಷೆಯನ್ನು ನೋಡಿ. ಎಲ್ಲಿ ಮೊನೆಯಂತೆ ಎದ್ದು ನಿಂತಿದೆಯೋ ಆ ಆವರ್ತನವನ್ನು ನಿಮ್ಮ ಫ್ಯಾನ್‌ಗಳ ಲೆಕ್ಕದೊಂದಿಗೆ ಹೋಲಿಸಿ. 50, 100, 150 ಹರ್ಟ್ಸ್‌ಗಳಲ್ಲಿ ಮೊನೆ ಕಂಡರೆ ಅದು ಫ್ಯಾನ್ ಅಲ್ಲ, ಮನೆಯ ವಿದ್ಯುತ್ತಿನ ಗುಂಯ್‌ಗುಡುವಿಕೆ. ಆಗ ಅರ್ಥಿಂಗ್ ಸರಿಪಡಿಸಬೇಕೇ ಹೊರತು ಕಾರ್ಡ್ ಬದಲಿಸಿ ಫಲವಿಲ್ಲ.

ಹೆಣ್ಣುದನಿಯ ಮೂಲಸ್ವರ ಸಾಮಾನ್ಯವಾಗಿ 165ರಿಂದ 255 ಹರ್ಟ್ಸ್ ನಡುವೆ ಇರುತ್ತದೆ, ಅದರ ಮೇಲುಸ್ವರಗಳು ಇನ್ನೂ ಮೇಲಕ್ಕೆ ಚಾಚಿರುತ್ತವೆ. 420 ಹರ್ಟ್ಸ್‌ನ ಸದ್ದು ಸರಿಯಾಗಿ ಮಾತಿನ ನಡುವೆಯೇ ಬಂದು ಕೂರುವುದರಿಂದ ಅದನ್ನು ಕತ್ತರಿಸಲು ಹೋದರೆ ದನಿಯೂ ಕೆಡುತ್ತದೆ. ಅದೇ 80 ಹರ್ಟ್ಸ್‌ಗಿಂತ ಕೆಳಗಿನದನ್ನು, ಕೆಳಸ್ವರಗಳನ್ನು ತಡೆಯುವ ಹೈಪಾಸ್ ಫಿಲ್ಟರ್‌ನಿಂದ ತೆಗೆದುಹಾಕಿದರೆ ದನಿಗೆ ಏನೂ ಆಗುವುದಿಲ್ಲ. ಹೀಗಾಗಿ ಕಂಪ್ಯೂಟರ್ ಪೂರ್ತಿ ಮೌನವಾಗಿರಬೇಕೆಂಬ ಹಟ ಬೇಡ. ಉಳಿಯುವ ಸದ್ದು ದನಿಯ ವ್ಯಾಪ್ತಿಯಿಂದ ಕೆಳಗೆ ಇಳಿದರೆ ಸಾಕು.

ಧಾರವಾಡದ ವಾಚಕಿ:

ಇಷ್ಟು ವಿವರವಾಗಿ ಉತ್ತರಿಸಿದ್ದಕ್ಕೆ ಇಬ್ಬರಿಗೂ ಕೃತಜ್ಞತೆಗಳು. ಮೈಸೂರಿನವರು ಹೇಳಿದಂತೆ ಕೋಣೆಯ ಮೌನವನ್ನು ಮುದ್ರಿಸಿ ನೋಡಿದೆ. 420 ಹರ್ಟ್ಸ್‌ನ ಸುತ್ತಮುತ್ತ ಚೂಪಾದ ಮೊನೆ ಸ್ಪಷ್ಟವಾಗಿ ಕಾಣುತ್ತಿದೆ, ಅದರ ಎರಡರಷ್ಟಾದ 840ರ ಬಳಿ ಇನ್ನೊಂದು ಚಿಕ್ಕ ಮೊನೆಯೂ ಇದೆ. ಕಾರ್ಡಿನ ಫ್ಯಾನಿಗೆ ಒಂಬತ್ತು ರೆಕ್ಕೆಗಳು, ವೇಗ 2,800ರ ಆಸುಪಾಸು. ಹಾಗಾಗಿ ಸಂಶಯ ಉಳಿದಿಲ್ಲ. ಪ್ರೊಸೆಸರ್ ಫ್ಯಾನಿನದೂ ಒಂದು ಸಣ್ಣ ಉಬ್ಬು ಇದೆ, ಆದರೆ ಅದು ಬಹಳ ಕೆಳಗೆ.

ಪ್ರೊಸೆಸರ್ ಬದಲಿಸುವ ಸಲಹೆ ಚೆನ್ನಾಗಿದೆ, ಆದರೆ ನನ್ನ ಬೋರ್ಡಿನಲ್ಲಿ ಇರುವುದು ಒಂದು ಎಚ್‌ಡಿಎಂಐ ಮತ್ತು ಒಂದು ವಿಜಿಎ ಕಿಂಡಿ ಮಾತ್ರ. ಎರಡನೆಯ ಮಾನಿಟರ್‌ನಲ್ಲಿ ಓದಬೇಕಾದ ಪಠ್ಯವನ್ನು ಇಟ್ಟುಕೊಳ್ಳುವುದರಿಂದ ಅಕ್ಷರಗಳು ಸ್ವಚ್ಛವಾಗಿ ಕಾಣಬೇಕು. ವಿಜಿಎಯಲ್ಲಿ ಒತ್ತಕ್ಷರಗಳು ಮಸುಕಾಗುತ್ತವೆ. ಆದ್ದರಿಂದ ಕಾರ್ಡ್ ಕಡೆಗೇ ಮನಸ್ಸು ಹೋಗುತ್ತಿದೆ.

ರಾಯಚೂರಿನ ಬಿಸಿಲು:

ಫ್ಯಾನ್ ಇಲ್ಲದ ಕಾರ್ಡನ್ನು ನಮ್ಮ ಊರಿನ ಬೇಸಿಗೆಯಲ್ಲಿ ಬಳಸುತ್ತಿರುವವನಾಗಿ ಬಿಸಿಯ ಬಗ್ಗೆ ಬರೆಯುತ್ತೇನೆ, ಏಕೆಂದರೆ ಅಂಗಡಿಯವರು ಈ ವಿಷಯ ಎತ್ತುವುದಿಲ್ಲ. ಫ್ಯಾನ್ ತೆಗೆದ ಮಾತ್ರಕ್ಕೆ ಬಿಸಿ ಎಲ್ಲಿಗೂ ಹೋಗುವುದಿಲ್ಲ. 30 ವ್ಯಾಟ್ ತಿನ್ನುವ ಕಾರ್ಡ್ 30 ವ್ಯಾಟ್ ಬಿಸಿಯನ್ನೂ ಹೊರಹಾಕಲೇಬೇಕು, ಅದನ್ನು ಹೊರಗೆ ಸಾಗಿಸುವ ಹೊಣೆ ಕ್ಯಾಬಿನೆಟ್‌ನ ಮೇಲೆ ಬೀಳುತ್ತದೆ. ಕೋಣೆ 25 ಡಿಗ್ರಿ ಇದ್ದಾಗ ಚಿಪ್ 60 ಡಿಗ್ರಿಯಲ್ಲಿ ನಿಂತಿದ್ದರೆ, ಕೋಣೆ 42 ಡಿಗ್ರಿ ಆದಾಗ ಚಿಪ್ ಕೂಡ ಹೆಚ್ಚುಕಡಿಮೆ ಅಷ್ಟೇ ಮೇಲೇರಿ 77ರ ಹತ್ತಿರ ಬರುತ್ತದೆ. ಧಾರವಾಡದಲ್ಲಿ ರಾಯಚೂರಿನಷ್ಟು ಕಾವು ಇಲ್ಲ, ಆದರೆ ಫ್ಯಾನ್ ಆರಿಸಿ ಕಿಟಕಿ ಮುಚ್ಚಿದ ಚಿಕ್ಕ ಕೋಣೆ ಬೇಗ ಕಾಯುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಹೀಟ್‌ಸಿಂಕ್‌ನ ರಚನೆಯನ್ನು ಹತ್ತಿರದಿಂದ ನೋಡಿದರೆ ಸಮಸ್ಯೆ ಅರ್ಥವಾಗುತ್ತದೆ. ನೆಟ್ಟಗೆ ನಿಲ್ಲಿಸಿದ ಕ್ಯಾಬಿನೆಟ್‌ನಲ್ಲಿ ಕಾರ್ಡ್ ಅಡ್ಡಲಾಗಿ ಮಲಗಿರುತ್ತದೆ, ಅದರ ಹೀಟ್‌ಸಿಂಕ್ ಕೆಳಮುಖವಾಗಿರುತ್ತದೆ. ಬಿಸಿಯಾದ ಗಾಳಿ ಮೇಲೇರಬೇಕು, ಆದರೆ ಅದರ ತಲೆಯ ಮೇಲೆ ಕಾರ್ಡಿನ ಹಲಗೆಯೇ ಮುಚ್ಚಿಕೊಂಡಿರುತ್ತದೆ. ಹಾಗಾಗಿ ಹೀಟ್‌ಸಿಂಕ್‌ನ ತೆಳು ಲೋಹದ ಪಟ್ಟಿಗಳಾದ ಫಿನ್‌ಗಳ ನಡುವಿನ ಗಾಳಿ ಅಲ್ಲೇ ತಂಗಿ, ಅಂಚಿನಿಂದ ಮೆಲ್ಲಗೆ ಜಾರಿ ಹೊರಬರುತ್ತದೆ. ಕ್ಯಾಬಿನೆಟ್ ಅನ್ನು ಪಕ್ಕಕ್ಕೆ ಮಲಗಿಸಿದರೆ ಕಾರ್ಡ್ ನೆಟ್ಟಗೆ ನಿಲ್ಲುತ್ತದೆ. ಆಗ ಫಿನ್‌ಗಳ ನಡುವಿನ ಓಣಿಗಳು ಕೆಳಗಿನಿಂದ ಮೇಲಕ್ಕೆ ತೆರೆದುಕೊಳ್ಳುವಂತಿದ್ದರೆ ಗಾಳಿ ತಾನಾಗಿಯೇ ಏರಿ ಹೋಗುತ್ತದೆ. ಕೊಳ್ಳುವಾಗ ಫಿನ್‌ಗಳು ಯಾವ ದಿಕ್ಕಿಗಿವೆ, ಅವುಗಳ ನಡುವೆ ಸಾಕಷ್ಟು ಅಂತರವಿದೆಯೇ ಎಂದು ಚಿತ್ರದಲ್ಲಿ ನೋಡಿಕೊಳ್ಳಿ. ಒತ್ತಾಗಿ ಜೋಡಿಸಿದ ತೆಳುಫಿನ್‌ಗಳು ಫ್ಯಾನ್ ಇರುವ ಕಾರ್ಡಿಗೆ ಸರಿ. ಫ್ಯಾನ್ ಇಲ್ಲದಿದ್ದಾಗ ಅವುಗಳ ನಡುವೆ ಗಾಳಿ ನುಸುಳುವುದೇ ಇಲ್ಲ, ಧೂಳು ಮಾತ್ರ ಹತ್ತಿಯಂತೆ ಕೂತುಬಿಡುತ್ತದೆ.

ಮಲಗಿಸಲು ಜಾಗವಿಲ್ಲದಿದ್ದರೆ ಕ್ಯಾಬಿನೆಟ್‌ನ ಮುಂಭಾಗದಲ್ಲಿ, ಕಾರ್ಡಿನ ಎತ್ತರಕ್ಕೆ ಸರಿಯಾಗಿ, 120 ಮಿಲಿಮೀಟರಿನ ಫ್ಯಾನ್ ಒಂದನ್ನು ನಿಮಿಷಕ್ಕೆ 500ರಿಂದ 600 ಸುತ್ತಿನಲ್ಲಿ ಓಡಿಸಿ. ಅಷ್ಟು ನಿಧಾನದ ಗಾಳಿಯೂ ನಿಂತ ಗಾಳಿಗಿಂತ ಎಷ್ಟೋ ಮೇಲು, ಅದರಿಂದ ಕಾರ್ಡಿನ ಬಿಸಿ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ.

ಶ್ರುತಿಸೂಕ್ಷ್ಮ, ಮೈಸೂರು:

ರಾಯಚೂರಿನವರ ಮಾತಿಗೆ ಒಂದು ಲೆಕ್ಕ ಸೇರಿಸುತ್ತೇನೆ. ಏಳು ರೆಕ್ಕೆಗಳ ಫ್ಯಾನ್ 600 ಸುತ್ತಿನಲ್ಲಿ ಓಡಿದರೆ ಅದರ ಸ್ವರ 70 ಹರ್ಟ್ಸ್, ಅಂದರೆ ನಿಮ್ಮ ಫಿಲ್ಟರ್ ಸದ್ದನ್ನು ತೆಗೆಯುವ ಗಡಿಯ ಕೆಳಗೆ. ಗಾಳಿಯ ಸುಯ್ಯೆಂಬ ಸದ್ದು ಅಲ್ಪವಾಗಿ ಉಳಿದರೂ, ಕೊರೆಯುವ ಸ್ವರ ಇರುವುದಿಲ್ಲ. ಆಡಿಯೋಬುಕ್‌ಗಳಿಗೆ ಎಸಿಎಕ್ಸ್ ವೇದಿಕೆ ವಿಧಿಸಿರುವ ನಿಯಮದಂತೆ ಮೌನದ ಭಾಗದಲ್ಲಿ ಸದ್ದಿನ ಮಟ್ಟ ಮೈನಸ್ 60 ಡೆಸಿಬೆಲ್‌ಗಿಂತ ಕೆಳಗಿರಬೇಕು. ನೀವೂ ಇದೇ ಗುರಿಯನ್ನು ಇಟ್ಟುಕೊಳ್ಳಬಹುದು.

ಮೈಕ್ ಕಾರ್ಡಿಯಾಯ್ಡ್ ಬಗೆಯದಾದರೆ ಅದರ ಬೆನ್ನ ಕಡೆಯಿಂದ ಬರುವ ಸದ್ದನ್ನು ಅದು ಬಹಳ ಕಡಿಮೆ ಹಿಡಿಯುತ್ತದೆ. ಆದ್ದರಿಂದ ಮೈಕಿನ ಬೆನ್ನು ಕಂಪ್ಯೂಟರ್ ಕಡೆಗೆ ಇರಲಿ. ದೂರವನ್ನು ಇಮ್ಮಡಿ ಮಾಡಿದರೆ ತೆರೆದ ಜಾಗದಲ್ಲಿ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಮುಚ್ಚಿದ ಕೋಣೆಯಲ್ಲಿ ಅಷ್ಟು ಸಿಗದಿದ್ದರೂ ಕ್ಯಾಬಿನೆಟ್ ಅನ್ನು ಮೇಜಿನ ಮೇಲಿಂದ ಕೆಳಗಿಳಿಸಿ ದೂರ ಸರಿಸಿದರೆ ಪ್ರಯೋಜನ ಖಂಡಿತ.

ಉಬುಂಟು ಬಳಕೆದಾರ, ಮಂಗಳೂರು:

ನೀವು ಉಬುಂಟು ಬಳಸುತ್ತಿರುವುದರಿಂದ ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶದ ವಿಚಾರವನ್ನು ಕಡೆಗಣಿಸಬೇಡಿ. ಜಿಟಿ 710 ಅಗ್ಗವಾಗಿ ಸಿಗುತ್ತದೆ, ಬಿಸಿಯೂ ಕಡಿಮೆ, ಆದರೂ ಅದನ್ನು ಕೊಳ್ಳಬೇಡಿ ಎಂದೇ ಹೇಳುತ್ತೇನೆ. ಅದು ಕೆಪ್ಲರ್ ಪೀಳಿಗೆಯ ಚಿಪ್. ಎನ್‌ವಿಡಿಯಾದ 470 ಸರಣಿಯೇ ಅದಕ್ಕೆ ಕೊನೆಯ ಡ್ರೈವರ್, ಅದರ ಭದ್ರತಾ ಪರಿಷ್ಕರಣೆಯ ಅವಧಿಯೂ 2024ಕ್ಕೆ ಮುಗಿದಿದೆ. ಅದರ ಎಚ್‌ಡಿಎಂಐ 1.4 ಆದ್ದರಿಂದ 4ಕೆ ಮಾನಿಟರ್‌ನಲ್ಲಿ 30 ಹರ್ಟ್ಸ್ ಮಾತ್ರ ಸಿಗುತ್ತದೆ, ಮೌಸ್ ಸರಿಸಿದರೆ ಬಾಣ ತಡೆತಡೆದು ಚಲಿಸುವುದು ಕಣ್ಣಿಗೆ ಕಾಣುತ್ತದೆ. ದಿನವೆಲ್ಲ ಪಠ್ಯ ಓದುವವರಿಗೆ ಅದು ಶಿಕ್ಷೆಯೇ ಸರಿ.

ಜಿಟಿ 1030 ಎಚ್‌ಡಿಎಂಐ 2.0 ಹೊಂದಿರುವುದರಿಂದ 4ಕೆಯನ್ನು 60 ಹರ್ಟ್ಸ್‌ನಲ್ಲಿ ಕೊಡುತ್ತದೆ. ಆದರೆ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಕಾರ್ಡುಗಳು ಮಾರಾಟವಾಗುತ್ತವೆ. 2017ರಲ್ಲಿ ಬಂದದ್ದರಲ್ಲಿ ಜಿಡಿಡಿಆರ್5 ಮೆಮರಿ ಇದ್ದು, ಅದು ಸೆಕೆಂಡಿಗೆ 48 ಜಿಬಿ ಸಾಗಿಸುತ್ತದೆ. ಮರುವರ್ಷ ಬಂದದ್ದರಲ್ಲಿ ಡಿಡಿಆರ್4 ಇದ್ದು, ಸಾಗಣೆ 17 ಜಿಬಿಯನ್ನೂ ಮುಟ್ಟುವುದಿಲ್ಲ. ಎರಡಕ್ಕೂ ಒಂದೇ ಹೆಸರು ಇಟ್ಟದ್ದು ಗ್ರಾಹಕರಿಗೆ ಮಾಡಿದ ಅನ್ಯಾಯ ಎಂಬುದು ನನ್ನ ದೃಢವಾದ ಅಭಿಪ್ರಾಯ. ಡಬ್ಬಿಯ ಮೇಲೆ ಜಿಡಿಡಿಆರ್5 ಎಂದು ಅಚ್ಚಾಗಿದೆಯೇ ಎಂದು ನೋಡಿಯೇ ಹಣ ಕೊಡಿ. ಈ ಕಾರ್ಡಿನಲ್ಲಿ ಎಚ್‌ಇವಿಸಿ, ವಿಪಿ9 ಎಂಬ ವಿಧಾನಗಳಲ್ಲಿ ಕುಗ್ಗಿಸಿದ ವಿಡಿಯೋಗಳು ಹಗುರವಾಗಿ ಓಡುತ್ತವೆ, ಅದೇ ಬಗೆಯ ಹೊಸ ವಿಧಾನವಾದ ಎವಿ1 ವಿಡಿಯೋ ಬಂದರೆ ಆ ಹೊರೆ ಪ್ರೊಸೆಸರ್ ಮೇಲೆ ಬೀಳುತ್ತದೆ. ವಿಡಿಯೋವನ್ನು ಹೀಗೆ ಕುಗ್ಗಿಸಿ ಕಟ್ಟುವ (ಎನ್‌ಕೋಡ್ ಮಾಡುವ) ಸೌಲಭ್ಯ ಅದರಲ್ಲಿ ಇಲ್ಲವೇ ಇಲ್ಲ.

ಇದರ ಪೀಳಿಗೆ ಪ್ಯಾಸ್ಕಲ್. ಅದಕ್ಕೆ 580 ಸರಣಿಯೇ ಕೊನೆಯ ಡ್ರೈವರ್ ಎಂದು ಎನ್‌ವಿಡಿಯಾ ಪ್ರಕಟಿಸಿದ್ದು, ಭದ್ರತಾ ಪರಿಷ್ಕರಣೆ 2028ರವರೆಗೆ ಮುಂದುವರಿಯುತ್ತದೆ. ಡ್ರೈವರ್ ಗೋಜೇ ಬೇಡವೆನ್ನುವವರಿಗೆ ಇಂಟೆಲ್ ಅಥವಾ ಎಎಂಡಿ ಕಾರ್ಡ್ ಮೇಲು, ಏಕೆಂದರೆ ಅವುಗಳ ಮುಕ್ತ ಡ್ರೈವರ್ ಉಬುಂಟುವಿನ ತಿರುಳಾದ ಲಿನಕ್ಸ್ ಕರ್ನಲ್‌ನಲ್ಲೇ ಇದೆ. ಇಂಟೆಲ್ ಆರ್ಕ್ ಎ310 ಚಿಪ್ ಬಳಸಿ ಮ್ಯಾಟ್ರಾಕ್ಸ್ ಕಂಪನಿ ಲೂಮಾ ಎಂಬ ಫ್ಯಾನ್‌ರಹಿತ ಕಾರ್ಡನ್ನು 2023ರಲ್ಲಿ ಪ್ರಕಟಿಸಿತು. ಅದಕ್ಕೆ ಎವಿ1 ಬಿಡಿಸುವ, ಕಟ್ಟುವ ಎರಡೂ ಸಾಮರ್ಥ್ಯ ಇದೆ. ಆದರೆ ಅದು ಡಿಜಿಟಲ್ ಫಲಕ, ವೈದ್ಯಕೀಯ ಉಪಕರಣಗಳಂಥ ಉದ್ಯಮಗಳಿಗೆಂದು ತಯಾರಾದದ್ದು, ಮನೆಬಳಕೆಯವರು ಅದನ್ನು ಹುಡುಕುತ್ತಾ ಹೋಗುವುದು ಕಷ್ಟ.

ಮ್ಯೂನಿಕ್‌ನಲ್ಲಿರುವ ಹಾಸನದವ:

ನಾನು ಇಲ್ಲಿ ಪ್ಯಾಲಿಟ್‌ನ ಫ್ಯಾನ್‌ರಹಿತ ಆರ್‌ಟಿಎಕ್ಸ್ 3050 ಬಳಸುತ್ತಿದ್ದೇನೆ. ಅದು ಎರಡು ಸ್ಲಾಟ್‌ಗಳ ಜಾಗ ಹಿಡಿಯುತ್ತದೆ, ಫಿನ್‌ಗಳು ಹಲಗೆಯ ಅಂಚನ್ನೂ ದಾಟಿ ಚಾಚಿವೆ. ಕಾರ್ಡ್ ಅಚ್ಚುಕಟ್ಟಾಗಿ ಕೆಲಸ ಮಾಡುತ್ತಿದೆ. ಊರಿಗೆ ಬರುವಾಗ ಒಂದನ್ನು ತಂದುಕೊಡಿ ಎಂದು ಸ್ನೇಹಿತರು ಕೇಳಿದ್ದುಂಟು. ಆದರೆ ಹೊರದೇಶದಲ್ಲಿ ಕೊಂಡ ಕಾರ್ಡಿಗೆ ಭಾರತದಲ್ಲಿ ವಾರಂಟಿ ಸಿಗುತ್ತದೆಂದು ನಂಬಿಕೊಳ್ಳುವಂತಿಲ್ಲ. ಇನ್ನೊಂದು ಮಾತು, ಫ್ಯಾನ್ ಇಲ್ಲದ ಮಾತ್ರಕ್ಕೆ ಕಾರ್ಡ್ ಮೌನವಾಗಿರುತ್ತದೆ ಎಂದುಕೊಳ್ಳಬೇಡಿ. ಅದರ ಮೇಲಿನ ಸುರುಳಿಗಳು ಭಾರ ಬಿದ್ದಾಗ ಕಿರ್ರೆಂದು ಸಣ್ಣಗೆ ಕಂಪಿಸಬಹುದು, ಕಾಯಿಲ್ ವೈನ್ ಎಂದು ಕರೆಯುವುದು ಇದನ್ನೇ. ಇದು ಹೆಚ್ಚಾಗಿ ಶಕ್ತಿಶಾಲಿ ಕಾರ್ಡುಗಳಲ್ಲಿ, ಆಟದ ಹೊತ್ತಿನಲ್ಲಿ ಕೇಳಿಸುತ್ತದೆ. 30 ವ್ಯಾಟ್‌ನ ಕಾರ್ಡ್ ಪಠ್ಯ ತೋರಿಸುತ್ತಿರುವಾಗ ಇದರ ಭಯ ಬಹಳ ಕಡಿಮೆ.

ಕ್ಯಾಬಿನೆಟ್ ಕಟ್ಟುವವ, ಬೆಂಗಳೂರು:

ಮಂಗಳೂರಿನವರ ಮಾತನ್ನು ಒಪ್ಪುತ್ತೇನೆ. ಆದರೂ ಅರೆಮೌನದ ಕಾರ್ಡುಗಳನ್ನು ನಾವು ಚರ್ಚೆಯಿಂದ ಪೂರ್ತಿ ಹೊರಗಿಡಬಾರದು ಎನಿಸುತ್ತದೆ. ಚಿಪ್ ಸುಮಾರು 50-60 ಡಿಗ್ರಿ ಮುಟ್ಟುವವರೆಗೆ ಫ್ಯಾನ್ ತಿರುಗದಂತೆ ಮಾಡಿರುವ ಕಾರ್ಡುಗಳು ಈಗ ಸಾಮಾನ್ಯವಾಗಿ ಸಿಗುತ್ತವೆ. ಧ್ವನಿಮುದ್ರಣದ ಹೊತ್ತಿನಲ್ಲಿ ಕಾರ್ಡಿಗೆ ಕೆಲಸವೇ ಇರುವುದಿಲ್ಲವಾದ್ದರಿಂದ ಫ್ಯಾನ್ ನಿಂತೇ ಇರುತ್ತದೆ, ಬೇರೆ ಹೊತ್ತಿನಲ್ಲಿ ಬೇಕಾದಾಗ ತಿರುಗುತ್ತದೆ. ವೀಡಿಯೋ ಸಂಪಾದನೆಯೂ ಮಾಡುವವರಾಗಿದ್ದರೆ ನಾನು ಇದನ್ನೇ ಮೊದಲು ಹೇಳುತ್ತಿದ್ದೆ.

ಅದರಲ್ಲೂ ಎರಡು ತೊಡಕುಗಳಿವೆ. ಕೋಣೆ ಬಿಸಿಯಾಗಿ ಚಿಪ್ ಆ ಗಡಿಯ ಹತ್ತಿರವೇ ಓಲಾಡುತ್ತಿದ್ದರೆ ಫ್ಯಾನ್ ತಿರುಗುವುದು, ನಿಲ್ಲುವುದು, ಮತ್ತೆ ತಿರುಗುವುದು ಆಗುತ್ತದೆ. ಒಂದೇ ಸಮನೆ ಇರುವ ಸದ್ದಿಗಿಂತ ಹೀಗೆ ಬಂದುಹೋಗುವ ಸದ್ದು ಮುದ್ರಣಕ್ಕೆ ಹೆಚ್ಚು ಕೆಟ್ಟದ್ದು, ಏಕೆಂದರೆ ನಾಯ್ಸ್ ರಿಡಕ್ಷನ್ ತಂತ್ರಾಂಶಕ್ಕೂ ಅದನ್ನು ಹಿಡಿಯಲಾಗುವುದಿಲ್ಲ. ಎರಡನೆಯದು ನಿಮ್ಮಂತೆ ಎರಡು ಮಾನಿಟರ್ ಇಟ್ಟುಕೊಂಡವರಿಗೆ ಸಂಬಂಧಿಸಿದ್ದು. ಒಂದು 60 ಹರ್ಟ್ಸ್, ಇನ್ನೊಂದು 75 ಹರ್ಟ್ಸ್ ಹೀಗೆ ಬೇರೆ ಬೇರೆ ದರದಲ್ಲಿದ್ದರೆ ಹಲವು ಕಾರ್ಡುಗಳ ಮೆಮರಿ ತನ್ನ ವೇಗವನ್ನು ಇಳಿಸುವುದೇ ಇಲ್ಲ, ಕೆಲಸವಿಲ್ಲದಿದ್ದರೂ ಹೆಚ್ಚು ವಿದ್ಯುತ್ ತಿನ್ನುತ್ತಾ ಬಿಸಿಯಾಗಿಯೇ ಇರುತ್ತದೆ. ನೀವು ಯಾವ ಕಾರ್ಡ್ ಕೊಂಡರೂ ಎರಡೂ ಮಾನಿಟರ್‌ಗಳನ್ನು 60 ಹರ್ಟ್ಸ್‌ಗೆ ಇಡಿ.

ಎಎಂಡಿಯ ಆರ್‌ಎಕ್ಸ್ 6400 ಬಗ್ಗೆ ಯಾರಾದರೂ ಸೂಚಿಸಬಹುದು, ಆದ್ದರಿಂದ ಮುಂಚಿತವಾಗಿ ಹೇಳುತ್ತೇನೆ. ಅದು 53 ವ್ಯಾಟ್‌ನದು, ಹೆಚ್ಚಿನವುಗಳಲ್ಲಿ ಇರುವುದು ಅದೇ ಪುಟ್ಟ ಫ್ಯಾನ್. ಎವಿ1 ಬಿಡಿಸುವುದೂ ಅದಕ್ಕೆ ಬರುವುದಿಲ್ಲ. ನಿಮ್ಮ ತೊಂದರೆ ಅದರಿಂದ ನೀಗುವುದಿಲ್ಲ.

ಧಾರವಾಡದ ವಾಚಕಿ:

ಎಲ್ಲರ ಮಾತನ್ನೂ ಓದಿದ ಮೇಲೆ ಜಿಡಿಡಿಆರ್5 ಮೆಮರಿಯ, ಫ್ಯಾನ್ ಇಲ್ಲದ ಜಿಟಿ 1030 ಕೊಳ್ಳುವುದೆಂದು ನಿರ್ಧರಿಸಿದ್ದೇನೆ. ನನ್ನ ಕೆಲಸಕ್ಕೆ ಅದಕ್ಕಿಂತ ಹೆಚ್ಚಿನದು ಬೇಕಿಲ್ಲ, 2028ರವರೆಗೆ ಭದ್ರತೆಯ ಚಿಂತೆಯೂ ಇಲ್ಲ. ಇಲ್ಲಿನ ಅಂಗಡಿಯಲ್ಲಿ ವಿಚಾರಿಸಿದಾಗ ಎಚ್‌ಡಿಎಂಐ ಮತ್ತು ಡಿವಿಐ ಇರುವ ಕಾರ್ಡ್ ಒಂದು, ಎಚ್‌ಡಿಎಂಐ ಮತ್ತು ಡಿಸ್‌ಪ್ಲೇಪೋರ್ಟ್ ಇರುವುದು ಇನ್ನೊಂದು ಎಂದು ತಿಳಿಯಿತು. ನನ್ನ ಎರಡನೆಯ ಮಾನಿಟರ್‌ನಲ್ಲಿ ಎಚ್‌ಡಿಎಂಐ ಮತ್ತು ವಿಜಿಎ ಇವೆ. ಯಾವುದನ್ನು ತರಲಿ? ಕಡತಗಳನ್ನು ಉಳಿಸಿಡುವ ಎಂ.2 ಎಸ್‌ಎಸ್‌ಡಿ ಸರಿಯಾಗಿ ಕಾರ್ಡಿನ ಕೆಳಗೇ ಇದೆ, ಅದಕ್ಕೆ ಬಿಸಿ ತಗಲುವುದಿಲ್ಲವೇ?

ರಾಯಚೂರಿನ ಬಿಸಿಲು:

ಎರಡರಲ್ಲಿ ಯಾವುದಾದರೂ ಆಗುತ್ತದೆ. ಡಿವಿಐನಿಂದ ಎಚ್‌ಡಿಎಂಐಗೆ ಸಾದಾ ಕೇಬಲ್ ಸಾಕು, ಡಿಸ್‌ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐಗೂ ಹಾಗೆಯೇ. ವಿಜಿಎಗೆ ಮಾತ್ರ ಹೋಗಬೇಡಿ. ಈ ಕಾರ್ಡಿನಿಂದ ಅನಲಾಗ್ ಸಂಕೇತ ಹೊರಡುವುದಿಲ್ಲ, ಅದಕ್ಕೆ ಬೇರೆ ಕನ್ವರ್ಟರ್ ಬೇಕಾಗುತ್ತದೆ. ಮುಂದೆ ಎರಡನೆಯ ಮಾನಿಟರ್ ಅನ್ನೂ 4ಕೆಗೆ ಬದಲಿಸುವ ಯೋಚನೆ ಇದ್ದರೆ ಡಿಸ್‌ಪ್ಲೇಪೋರ್ಟ್ ಇರುವುದನ್ನೇ ತನ್ನಿ.

ಎಸ್‌ಎಸ್‌ಡಿಗೆ ಸ್ವಲ್ಪ ಬಿಸಿ ತಗಲುತ್ತದೆ. ಧ್ವನಿ ಬರೆದುಕೊಳ್ಳುವ ಕೆಲಸ ಎಸ್‌ಎಸ್‌ಡಿಗೆ ಬಹಳ ಹಗುರವಾದದ್ದು, ಹಾಗಾಗಿ ಆತಂಕ ಬೇಡ. ಅದರ ಮೇಲೆ ಚಪ್ಪಟೆಯಾದ ಅಲ್ಯೂಮಿನಿಯಂ ಹೀಟ್‌ಸಿಂಕ್ ಅಂಟಿಸಿದರೆ ಇನ್ನೂ ಒಳ್ಳೆಯದು, ಆದರೆ ಅದು ಕಾರ್ಡಿನ ಫಿನ್‌ಗಳಿಗೆ ತಾಗದಷ್ಟು ತೆಳ್ಳಗಿರಬೇಕು. ಕಾರ್ಡ್ ಹಾಕಿದ ಮೇಲೆ ಮಧ್ಯಾಹ್ನದ ಬಿಸಿಲು ಹೊತ್ತಿನಲ್ಲಿ, ಕ್ಯಾಬಿನೆಟ್‌ನ ಬದಿ ಮುಚ್ಚಿ, ಕೋಣೆಯ ಬಾಗಿಲನ್ನೂ ಮುಚ್ಚಿ, 4ಕೆ ವಿಡಿಯೋ ಒಂದನ್ನು ಒಂದು ಗಂಟೆ ಓಡಿಸಿ ಎನ್‌ವಿಡಿಯಾ ಸೆಟ್ಟಿಂಗ್ಸ್‌ನಲ್ಲಿ ಉಷ್ಣಾಂಶ ನೋಡಿ. 80 ಡಿಗ್ರಿ ದಾಟದಿದ್ದರೆ ಏನನ್ನೂ ಮುಟ್ಟಬೇಡಿ. ದಾಟಿದರೆ ಮುಂಭಾಗದ ಫ್ಯಾನನ್ನು ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ಗಳ ಪುಟದಲ್ಲಿ) ನೂರು ಸುತ್ತು ಹೆಚ್ಚಿಸಿ ಮತ್ತೆ ನೋಡಿ, ಆಮೇಲೆ ಕೋಣೆಯ ಮೌನವನ್ನು ಇನ್ನೊಮ್ಮೆ ಮುದ್ರಿಸಿ ಆ ನಕ್ಷೆಯನ್ನು ಇಲ್ಲಿ ಹಾಕಿ.